ಬಾಗಿಲ ಪಕ್ಕದ ಇಂಟು

ಒಂದರ ಮೇಲೊಂದು ಅಡ್ಡ ಹಾಯ್ದ ಎರಡು ಗೆರೆಗೆ ನಮ್ಮ ಕಡೆ ‘ಇಂಟು’ ಅನ್ನುತ್ತಾರೆ. ಗುಣಾಕಾರಕ್ಕೂ ಇಂಟು, ತಪ್ಪು ಉತ್ತರಕ್ಕೂ ಇಂಟು. ಅವ್ವ ಕೌದಿಯ ಮೂಲೆಗೆ ಹಾಕುವ ಹೊಲಿಗೆಯೂ ಇಂಟು, ಹೊರಸಿನ ಹಗ್ಗದ ಹೆಣಿಗೆಯೂ ಇಂಟು. ಈಗ ಆ ಮಾತು ಕೇಳಿದರೆ ಸಾಕು, ನನಗೆ ಸಿಟ್ಟು ನೆತ್ತಿಗೇರುತ್ತದೆ.

ಖಜೂರಿಯಲ್ಲಿ ನಮ್ಮ ಮನೆ ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಗೇ ಹತ್ತಿದೆ. ರಸ್ತೆ ಅಗಲ ಮಾಡುವವರ ಆಳೊಬ್ಬ ಬಂದು, ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ಆಳೆತ್ತರದ ಇಂಟು ಬಳಿದು ಹೋದ. ಏನು ಎತ್ತ ಅಂತ ಒಂದು ಮಾತಿಲ್ಲ. ಅವ್ವ ಅದರ ಮೇಲೆ ಸುಣ್ಣ ಹಚ್ಚಿದಳು. ಒಣಗಿದ ಮೇಲೆ ಹಾಳಾದ್ದು ಮತ್ತೆ ಕೆಂಪಗೆ ಹಣಿಕಿತು. ಊರವರ ಬಾಯಲ್ಲಿ ನಾವು ‘ಇಂಟು ಮನಿಯವರು’ ಆದೆವು.

ಅದೇ ವಾರ ಗೊಬ್ಬೂರಿನಿಂದ ಹೆಣ್ಣಿನವರು ಬರುವವರಿದ್ದರು. ನಮ್ಮಣ್ಣ ಮಾತೇ ಆಡದವನು. ಆ ಹುಡುಗಿಯನ್ನು ನೋಡಿ ಬಂದಾಗಿನಿಂದ ಹಾಡು ಗುನುಗುತ್ತಿದ್ದ. ನಮ್ಮಲ್ಲಿ ಹೆಣ್ಣು ಕೊಡುವವರು ವರನ ಮನೆ, ಹೊಲ ಕಣ್ಣಾರೆ ನೋಡಿದ ಮೇಲೆಯೇ ಒಪ್ಪಿಗೆಯ ಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು. ಹುಡುಗಿಯ ಕಾಕಾ ಜೀಪಿನಿಂದ ಇಳಿದವನೇ ಗೋಡೆ ನೋಡಿ ನಿಂತುಬಿಟ್ಟ.

“ಇಂಟು ಹೊಡದಾರಲ್ರಿ! ಕೆಡವೋ ಮನಿಗಿ ಹುಡುಗಿ ಹ್ಯಾಂಗ ಕೊಡೋದ್ರಿ?”

“ಯಾಕ ಹೊಡದಾರಂತ ನಮಗೂ ಹೇಳಿಲ್ರಿ. ಒಳಗರ ಬರ್ರಿ, ಚಹಾ ಕುಡೀರಿ,” ಅಂದಳು ಅವ್ವ.

ಹೊಸ್ತಿಲು ಕೂಡ ದಾಟಲಿಲ್ಲ ಪುಣ್ಯಾತ್ಮರು. ಸಕ್ಕರೆ ತಾಟು ಹಿಡಿದು ಅವ್ವ ಬಾಗಿಲಲ್ಲೇ ನಿಂತಿದ್ದಳು.

ಮಳೆಗಾಲ ಮುಗಿದ ಮೇಲೆ ಜೆಸಿಬಿ ಬಂತು. ಮನೆ ಮುಂದಿನ ಕಲ್ಲಿನ ಕಟ್ಟೆ ಒಂದನ್ನೇ ಕಿತ್ತು ಮುಂದೆ ಹೋಯಿತು! ಗೋಡೆಯನ್ನು ಮುಟ್ಟಲೇ ಇಲ್ಲ. ಬಣ್ಣ ಬಳಿದಿದ್ದ ಆಳೂ ಜೊತೆಗಿದ್ದ. ಅವನನ್ನು ಅಡ್ಡಗಟ್ಟಿದೆ.

“ಏನಲೇ, ಕಟ್ಟಿ ಕೆಡವೋದಿದ್ರ ಕಟ್ಟಿಗೇ ಇಂಟು ಹೊಡೀಬೇಕಿತ್ತಿಲ್ಲೋ?”

“ಕಟ್ಟಿ ಕಲ್ಲು ಒರಟ ಇತ್ರೀ ಅಕ್ಕಾ, ಬಣ್ಣ ಸರಿ ಕೂಡಂಗಿಲ್ಲ. ಗೋಡಿ ನುಣ್ಣಗಿತ್ತು, ಅಲ್ಲೇ ಹೊಡದೆ. ಈಗ ಕೆರದು ಬಿಡ್ರಿ, ಏನೂ ಆಗಂಗಿಲ್ಲ.”

ಏನೂ ಆಗುವುದಿಲ್ಲವಂತೆ! “ನಿನ್ನ ಬಾಯಾಗ ಮಣ್ಣ ಹಾಕ,” ಅಂತ ಶುರು ಮಾಡಿದವಳು ಅವನ ಏಳು ತಲೆಮಾರನ್ನೂ ಬಿಡಲಿಲ್ಲ. ಓಣಿ ಮಂದಿಯೆಲ್ಲ ಕೂಡಿದರು. ಕೊನೆಗೆ ಅಣ್ಣ ಒಳಗಿನಿಂದ ಬಂದು ನನ್ನ ರಟ್ಟೆ ಹಿಡಿದ.

“ಸಾಕು ಬಿಡ, ತಂಗಿ. ಜೇವರ್ಗಿಯವರ ಮನಿ ಸೊಸಿ ಆಗಿ ಹೋಗ್ಯಾಳ ಆಕಿ. ನೀ ಇವಗ ಬೈದ್ರ ತಿರುಗಿ ಬರ್ತಾಳೇನು?”

ಬರುವುದಿಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಬೈದೆ.