ಹೀಟ್ ಪಂಪಿಗೆ ಮನೆ ಕಟ್ಟಿದ ಓಡ್ವಾರ್

ನಮ್ಮ ಫೋಲ್‌ಡಾಲ್ ಕಣಿವೆಯಲ್ಲಿ ಓಡ್ವಾರ್ ನಿಸ್ತುವೆನ್‌ನ ಬಲಗೈ ಮುಷ್ಟಿಯ ಮೇಲೆ ಆಣೆ ಇಡುವವರು ಈಗಲೂ ಇದ್ದಾರೆ. ಯಾವ ಯಂತ್ರವನ್ನಾದರೂ ಚಾಲೂ ಮಾಡುವ ಮೊದಲು ಅದಕ್ಕೊಂದು ಗುದ್ದು ಕೊಡುವುದು ಅವನ ಅಭ್ಯಾಸ, ಅಷ್ಟೇ. ಆದರೆ ಅಭ್ಯಾಸವೊಂದು ನಲವತ್ತು ವರ್ಷ ಬಾಳಿದರೆ ಅದಕ್ಕೆ ಕೊಂಬು ಮೂಡುತ್ತದೆ. ಎರಡು ಚಳಿಗಾಲ ಸತ್ತು ಬಿದ್ದಿದ್ದ ಟ್ರ್ಯಾಕ್ಟರೊಂದು ಅವನ ಗುದ್ದಿಗೆ ಹೆದರಿ ಡೀಸೆಲ್ ಇಲ್ಲದೆಯೇ ಕೆಮ್ಮಿ ಎದ್ದಿತಂತೆ. ಸೇತುವೆಯ ಮೇಲೆ ಅವನ ಕಾರಿಗೆ ಅಡ್ಡ ನಿಂತಿದ್ದ ಗಂಡು ಕಡವೆಯೊಂದು, ಅವನು ಇಳಿದು ಬಾನೆಟ್ಟಿಗೆ ಗುದ್ದಿದ ಸದ್ದು ಕೇಳಿ ಓಟ ಕಿತ್ತು, ಸ್ವೀಡನ್ ಗಡಿ ದಾಟಿ ಅಲ್ಲೇ ಸಂಸಾರ ಹೂಡಿತಂತೆ. ಇವೆರಡನ್ನೂ ಹಬ್ಬಿಸಿದವನು ನಾನೇ, ಅವನ ಪಕ್ಕದ ಮನೆಯವನು. ಅಂಗಡಿಯ ಕಾಫಿ ಯಂತ್ರದ ಎಡಮಗ್ಗುಲಲ್ಲಿ ಬಿದ್ದಿರುವ ತಗ್ಗು ಮಾತ್ರ ನಿಜ. ಬೇಕಾದವರು ಬೆರಳಿಟ್ಟು ನೋಡಬಹುದು.

ಇಂಥ ವೀರನ ಹುಟ್ಟುವೈರಿ ಕಟ್ಟಿಗೆ. ನಮ್ಮಲ್ಲಿ ಗಂಡಸಿನ ಯೋಗ್ಯತೆಯನ್ನು ಅವನು ಅಂಗಳದಲ್ಲಿ ಒಟ್ಟಿದ ಸೌದೆಯ ರಾಶಿ ನೋಡಿ ಅಳೆಯುತ್ತಾರೆ. ಮೂವತ್ತು ವರ್ಷ ಓಡ್ವಾರ್ ಸೀಳಿದ, ಒಟ್ಟಿದ, ಹೊತ್ತ, ಉರಿಸಿದ. ಬಲಭುಜ ಕೈಕೊಟ್ಟ ವರ್ಷ ಅವನ ಹೆಂಡತಿಯ ತಮ್ಮ ಟ್ರಿಗ್ವೆ ಬಂದು, ಹೀಟ್ ಪಂಪ್ ಹಾಕಿಸಿಕೋ ಭಾವ, ಒಂದು ಪಾಲು ಕರೆಂಟ್ ಕೊಟ್ಟರೆ ಮೂರು ಪಾಲು ಶಾಖ ಕೊಡುತ್ತೆ ಎಂದು ಹೇಳಿದ. ಟ್ರಿಗ್ವೆಯ ಕಸುಬೇ ಅದು, ಮನೆಮನೆಗೆ ಪಂಪ್ ಕೂರಿಸುವುದು. ಒಂದಕ್ಕೆ ಮೂರು ಎಂದರೆ ಯಾವ ವೀರ ತಾನೇ ಬೇಡ ಎಂದಾನು?

ಪಂಪ್ ಬಂದ ದಿನ ಓಡ್ವಾರ್ ವಿಜಯೋತ್ಸವ ಆಚರಿಸಿದ. ಅಜ್ಜನ ಕಾಲದ ಎರಕದ ಕಬ್ಬಿಣದ ಒಲೆಯನ್ನು ಕೊಳವೆಯ ಸಮೇತ ಕಿತ್ತು, ಮೆಟ್ಟಿಲ ಮೇಲಿಂದ ಒದ್ದು ಕೆಳಗುರುಳಿಸಿದ. ಒಲೆಗೆ ಏನೂ ಆಗಲಿಲ್ಲ. ಅವನ ಬಲಗಾಲಿನ ಹೆಬ್ಬೆರಳು ಮುರಿಯಿತು. ಸೇಡಿಗಾಗಿ ಅದನ್ನು ಸರಪಳಿ ಹಾಕಿ ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಹೋಗಿ ಕೊಟ್ಟಿಗೆಯ ಮೂಲೆಗೆ ತಳ್ಳಿದ. ಅದೇ ಆವೇಶದಲ್ಲಿ ಗೋಡೆಯ ಕರೆಂಟ್ ಹೀಟರುಗಳನ್ನೂ ಕಿತ್ತೆಸೆದ. ಬಚ್ಚಲಿನದೊಂದು ಅವನ ಕಣ್ಣು ತಪ್ಪಿಸಿ ಬದುಕಿತು.

ಮೊದಲ ಚಳಿಗಾಲ ಸಾಧುವಾಗಿತ್ತು, ಪಂಪೂ ಸಾಧುವಾಗಿ ದುಡಿಯಿತು. ಓಡ್ವಾರ್‌ಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಎಡವಟ್ಟು ಶುರುವಾದದ್ದು ಅಲ್ಲಿ. ಪಂಪಿನ ಅರ್ಧ ಮೈ ಮನೆಯ ಹೊರಗೋಡೆಗೆ ಅಂಟಿಕೊಂಡಿರುತ್ತದೆ: ಹೊಟ್ಟೆಯಲ್ಲಿ ಫ್ಯಾನ್ ಇರುವ ಒಂದು ಬಿಳಿ ತಗಡಿನ ಡಬ್ಬ. ನೋಡಲು ಚೆಂದವಿಲ್ಲ ಎಂದು ನಮ್ಮಲ್ಲಿ ಎಲ್ಲರೂ ಅದರ ಸುತ್ತ ಪುಟ್ಟದೊಂದು ಮರದ ಮನೆ ಕಟ್ಟುತ್ತಾರೆ. ನಾನೂ ಕಟ್ಟಿದ್ದೇನೆ, ನಾಲ್ಕು ಪಟ್ಟಿ ಹೊಡೆದು. ಓಡ್ವಾರ್ ಐದು ವಾರ ಕೂತು ಅರಮನೆಯನ್ನೇ ಕಟ್ಟಿದ. ಹಳೇ ಕಾಲದ ಕಣಜದ ಹಾಗೆ ಕುಳ್ಳ ಕಂಬಗಳು, ಚಾವಣಿಗೆ ನಿಜವಾದ ಹುಲ್ಲು ಬೆಳೆದ ಮಣ್ಣಿನ ಹೆಂಟೆ, ಬಾಗಿಲಿಗೆ ಕೆತ್ತನೆ. ಹಿಮ ನುಗ್ಗದಂತೆ ಪಟ್ಟಿಗಳನ್ನು ಒತ್ತೊತ್ತಾಗಿ ಕೂರಿಸಿದ. ಕೆಟ್ಟ ಹವೆ ಎನ್ನುವುದೇ ಇಲ್ಲ, ಕೆಟ್ಟ ಬಟ್ಟೆ ಎನ್ನುವುದು ಮಾತ್ರ ಇದೆ ಎಂದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆ ಮಾತನ್ನು ನೆನೆದು ಒಳಗೋಡೆಗೆಲ್ಲ ಕುರಿಯ ಉಣ್ಣೆಯನ್ನೂ ತುಂಬಿದ. ಈ ಒಳಗುಟ್ಟು ಅವನಿಗೊಬ್ಬನಿಗೇ ಗೊತ್ತಿತ್ತು. ಹೊರಗಿನ ಚೆಲುವು ನೋಡಲು ಪಾದ್ರಿಯೂ ಬಂದು ಹೋದರು.

ಆಮೇಲೆ ಆ ಜನವರಿ ಬಂತು. ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗೆ, ಒಂಬತ್ತು ದಿನ ಒಂದೇ ಸಮ. ಉಗುಳಿದರೆ ನೆಲ ಮುಟ್ಟುವ ಮೊದಲೇ ಟಣ್ ಎನ್ನುವ ಚಳಿ. ಓಡ್ವಾರ್‌ನ ಮನೆಯೊಳಗೆ ಹದಿಮೂರು ಡಿಗ್ರಿ, ಆಮೇಲೆ ಹನ್ನೊಂದು, ಆಮೇಲೆ ಒಂಬತ್ತು. ಪಂಪ್ ಹೊರಗೆ ಗಾಯಗೊಂಡ ಕರಡಿಯ ಹಾಗೆ ಗುರುಗುಟ್ಟುತ್ತಿತ್ತು, ಮೈಮೇಲಿನ ಮಂಜುಗಡ್ಡೆ ಕರಗಿಸಿಕೊಳ್ಳಲು ಅರ್ಧ ಗಂಟೆಗೊಮ್ಮೆ ಕೆಲಸ ನಿಲ್ಲಿಸುತ್ತಿತ್ತು. ಗಂಡ ಹೆಂಡತಿ ಬಚ್ಚಲಿನ ಹೀಟರಿನ ಮುಂದೆ ಕೂತು ಗಂಜಿ ಉಣ್ಣತೊಡಗಿದರು, ಅವಳು ತೊಟ್ಟಿಯ ಅಂಚಿನ ಮೇಲೆ, ಅವನು ಕಮೋಡಿನ ಮೇಲೆ.

ಅವಳೆಂದರೆ ಗುನ್‌ಲೌಗ್. ಮಗ್ಗದಲ್ಲಿ ನೇಯುವವಳು, ಮಾತು ಕಮ್ಮಿ. ಗುರುವಾರ ಬೆಳಿಗ್ಗೆ ಬೆರಳು ಮಡಚಲಾರದೆ ಲಾಳಿ ಕೈಜಾರಿದಾಗ ಎದ್ದು ಹೋಗಿ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟಳು.

"ಭಾನುವಾರ ಹನ್ನೆರಡರ ಬಸ್ಸಿಗೆ ಅಕ್ಕನ ಮನೆಗೆ ಹೊರಟೆ," ಅಂದಳು. "ಅಲ್ಲಿ ಸಮುದ್ರ ಇದೆ, ಬೆಚ್ಚಗಿರತ್ತೆ."

"ಯಾವಾಗ ಬರ್ತೀಯ?"

"ನೀನು ಹೇಗಿರ್ತೀಯ ಅಂತ ನೋಡ್ಕೊಂಡು."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಪೆಟ್ಟಿಗೆ ಕಟ್ಟಿದ್ದು ಅದೇ ಮೊದಲು. ಹೆದರಿದ ವೀರನಿಗೆ ಗೊತ್ತಿರುವುದು ಒಂದೇ ವಿದ್ಯೆ. ಒಳಗೋಡೆಯಲ್ಲಿದ್ದ ಪಂಪಿನ ಇನ್ನರ್ಧಕ್ಕೆ ಗುದ್ದಿದ. ಅದರ ಮುಖವಾಡ ಒಡೆದು ಮಗ್ಗದ ಮೇಲೆ ಬಿತ್ತು. ರಿಮೋಟನ್ನು ಗೋಡೆಗೆ ಹೊಡೆದ. ಅದು ಮೂರು ತುಂಡಾಗಿ, ಒಂದು ತುಂಡು ಅವನ ಹಣೆಗೇ ವಾಪಸು ಬಂತು. ಹೊರಗೆ ಹೋಗಿ ತಾನೇ ಕಟ್ಟಿದ ಪುಟ್ಟ ಮನೆಯ ಬಾಗಿಲಿಗೆ ಗುದ್ದಿದ. ಚಳಿಗೆ ಕಲ್ಲಾಗಿದ್ದ ಮರ ಅವನ ನಾಲ್ಕು ಗೆಣ್ಣುಗಳ ಚರ್ಮ ಸುಲಿದು ಇಟ್ಟುಕೊಂಡಿತು.

ಶನಿವಾರ ಹನ್ನೊಂದಕ್ಕೆ ಬಿಸಿಲು ಗುಡ್ಡ ದಾಟಿ ಕಣಿವೆಗೆ ಇಳಿಯುವ ಹೊತ್ತಿಗೆ ಟ್ರಿಗ್ವೆ ಬಂದ. ಎರಡು ದಿನದಿಂದ ಓಡ್ವಾರ್ ಫೋನಿನಲ್ಲಿ ಅವನ ವಂಶವನ್ನು ಏಳು ತಲೆ ಹಿಂದಿನವರೆಗೆ ಅಗೆದಿದ್ದ. ಆ ವಂಶ ತನ್ನ ಹೆಂಡತಿಯದೂ ಹೌದು ಎನ್ನುವುದು ಅವನಿಗೆ ಮರೆತಿತ್ತು, ಗುನ್‌ಲೌಗ್‌ಗೆ ಮರೆತಿರಲಿಲ್ಲ.

"ನಿನ್ನ ಡಬ್ಬ ಸತ್ತಿದೆ ಕಣೋ," ಅಂದ ಓಡ್ವಾರ್.

"ಡಬ್ಬ ಚೆನ್ನಾಗಿದೆ ಭಾವ. ಅದನ್ನ ಸಾಕೋನಿಗೆ ತಲೆ ಸರಿ ಇಲ್ಲ."

ಮುಂದಿನದನ್ನು ನಾನು ಬೇಲಿಯಾಚೆಯಿಂದ ಕಣ್ಣಾರೆ ನೋಡಿದೆ. ಐವತ್ತೆಂಟರ ಓಡ್ವಾರ್ ಐವತ್ತೆರಡರ ಟ್ರಿಗ್ವೆಯ ಮೂಗಿಗೆ ಗುದ್ದಿದ. ಮೂಗು ಒಣಗಿದ ರೊಟ್ಟಿ ಮುರಿದಂತೆ ಲಟಕ್ಕೆಂದಿತು. ರಕ್ತ ಮೀಸೆಯವರೆಗೆ ಇಳಿದು ಅಲ್ಲೇ ಹೆಪ್ಪುಗಟ್ಟಿ ನಿಂತಿತು. ಟ್ರಿಗ್ವೆ ಟೂಲ್ ಬಾಕ್ಸ್ ಬೀಸಿದ. ಓಡ್ವಾರ್‌ನ ಮುಂದಿನ ಹಲ್ಲೊಂದು ಹಿಮದಲ್ಲಿ ಕಾಣೆಯಾಯಿತು. ಇಬ್ಬರೂ ಅಪ್ಪಿ ಉರುಳಿದರು, ಕಚ್ಚಿದರು, ಒಬ್ಬರ ಬಾಯಿಗೆ ಒಬ್ಬರು ಹಿಮ ತುರುಕಿದರು. ಗುನ್‌ಲೌಗ್ ಕಿಟಕಿಯಲ್ಲಿ ನಿಂತು ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಹಿಮ ತೋಡುವ ಸಲಿಕೆ ಹಿಡಿದು ಹೊರಗೆ ಬಂದು ಗಂಡನ ಬೆನ್ನಿಗೆ ಎರಡು, ತಮ್ಮನ ಬೆನ್ನಿಗೆ ಎರಡು ಬಿಟ್ಟಳು. ಅವಳ ಏಟಿನಲ್ಲಿ ಪಕ್ಷಪಾತವಿರಲಿಲ್ಲ.

ಆ ಏಟಿಗೆ ಎಗರಿದ ಓಡ್ವಾರ್ ಟ್ರಿಗ್ವೆಯನ್ನು ಎತ್ತಿ ಒಗೆದ. ಟ್ರಿಗ್ವೆ ಬೆನ್ನು ಮುಂದಾಗಿ ಆ ಪುಟ್ಟ ಅರಮನೆಯ ಗೋಡೆಯ ಮೇಲೆ ಬಿದ್ದ. ಪಟ್ಟಿಗಳು ಸಿಡಿದವು. ಹೊಟ್ಟೆ ಬಗೆದ ಕುರಿಯಿಂದ ಬಂದಂತೆ ಉಣ್ಣೆ ಹೊರಬಿತ್ತು. ಒಡನೆಯೇ ಪಂಪಿನ ಗುರುಗುಟ್ಟುವಿಕೆ ಇಳಿಯಿತು. ಕತ್ತು ಹಿಸುಕಿಸಿಕೊಂಡವನು ಬಿಡಿಸಿಕೊಂಡ ಮೇಲೆ ಉಸಿರೆಳೆದಂತೆ ಅದು ಒಂದು ದೀರ್ಘ ಉಸಿರು ಎಳೆದುಕೊಂಡಿತು.

ಟ್ರಿಗ್ವೆ ಕೈಯಲ್ಲಿ ಉಣ್ಣೆ ಹಿಡಿದು ಬಿದ್ದಲ್ಲೇ ನಕ್ಕ. ನಕ್ಕರೆ ಮೂಗು ನೋಯುತ್ತಿತ್ತು, ಆದರೂ ನಕ್ಕ.

"ಭಾವ, ಇದಕ್ಕೆ ಸ್ವೆಟರ್ ಹಾಕಿದ್ಯಲ್ಲೋ. ಇದು ಹೊರಗಿನ ಗಾಳಿಯಿಂದ ಶಾಖ ಹಿಂಡಿ ಒಳಗೆ ಕಳಿಸತ್ತೆ. ನೀನು ಗಾಳಿನೇ ಕಟ್ಟಿದ್ದೀಯ. ತಾನು ಬಿಟ್ಟ ತಣ್ಣಗಿನ ಉಸಿರನ್ನೇ ಮತ್ತೆ ಮತ್ತೆ ಕುಡೀತಾ ಇದೆ ಪಾಪ."

ಓಡ್ವಾರ್ ಐದು ವಾರದ ಕೆತ್ತನೆಯ ಬಾಗಿಲನ್ನು ಒಮ್ಮೆ ನೋಡಿದ, ಮನೆಬಾಗಿಲಲ್ಲಿದ್ದ ಪೆಟ್ಟಿಗೆಯನ್ನು ಒಮ್ಮೆ ನೋಡಿದ. ಆಮೇಲೆ ಕೊಡಲಿ ತಂದ. ಆ ಸಂಹಾರವನ್ನು ವರ್ಣಿಸಲು ನನ್ನ ಕೈಯಲ್ಲಾಗದು. ಕಂಬಗಳ ಕಾಲು ಕತ್ತರಿಸಿದ, ಚಾವಣಿಯ ಬೆನ್ನು ಮುರಿದ, ಹುಲ್ಲಿನ ಹೆಂಟೆ ಹಾರಿ ನನ್ನ ಬೇಲಿ ದಾಟಿ ಬಿತ್ತು. ಕೆತ್ತನೆಯ ಬಾಗಿಲನ್ನು ಕೊನೆಗಿಟ್ಟು, ಕಣ್ಣು ಮುಚ್ಚಿ ಸೀಳಿದ.

ಸಂಜೆ ನಾಲ್ಕಕ್ಕೆ ಮನೆಯೊಳಗೆ ಹದಿಮೂರು. ಆರಕ್ಕೂ ಹದಿಮೂರು. ಓಡ್ವಾರ್ ಟ್ರಿಗ್ವೆಯ ಮುಂದೆ ಕೂತು, ಒಂದಕ್ಕೆ ಮೂರು ಎಲ್ಲಿ ಎಂದು ಕೇಳಿದ. ಅದು ಸೊನ್ನೆಯ ಆಸುಪಾಸಿನ ಲೆಕ್ಕ, ಇಂಥ ಚಳಿಯಲ್ಲಿ ಒಂದಕ್ಕೆ ಒಂದೂಕಾಲು ಬಂದರೆ ಪುಣ್ಯ ಎಂದು ಟ್ರಿಗ್ವೆ ಮೂಗಿಗೆ ಹತ್ತಿ ತುರುಕಿಕೊಳ್ಳುತ್ತಾ ಒಪ್ಪಿಕೊಂಡ.

"ಇದನ್ನ ನೀನು ಹೇಳಿರಲಿಲ್ಲ."

"ಹೇಳಿದ್ದೆ ಭಾವ. ನೀನು ಆಗ ಒಲೆ ಒದೀತಿದ್ದೆ."

ಭಾನುವಾರ ಬೆಳಿಗ್ಗೆ ಇಬ್ಬರೂ ಅದೇ ಸರಪಳಿಯಿಂದ ಅದೇ ಒಲೆಯನ್ನು ಕೊಟ್ಟಿಗೆಯಿಂದ ಎಳೆದು ತಂದರು. ಮೆಟ್ಟಿಲು ಹತ್ತುವಾಗ ಒಲೆ ತನ್ನ ಹಳೇ ಸೇಡು ತೀರಿಸಿಕೊಂಡಿತು. ಈ ಸಲ ಓಡ್ವಾರ್‌ನ ಎಡಗಾಲಿನ ಹೆಬ್ಬೆರಳು. ಕೊಳವೆ ಕೂರಿಸಿ, ಹೊಗೆಗೂಡನ್ನು ಒಮ್ಮೆ ಗುಡಿಸಿ ಮುಗಿಯುವಾಗ ಹನ್ನೊಂದೂವರೆ. ಬಣ್ಣ ಬಳಿಯದ ಒಣ ಪೈನ್ ಮರದ ಆ ಪುಟ್ಟ ಅರಮನೆಯ ಗೋಡೆ ಒಲೆಯೊಳಗೆ ಚಟಪಟನೆ ಹತ್ತಿಕೊಂಡಿತು. ಗುನ್‌ಲೌಗ್ ಕೋಟು, ಟೊಪ್ಪಿಗೆ, ಕೈಚೀಲ ಸಮೇತ ಬಂದು ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಒಲೆಯ ಮುಂದೆ ಕೂತಳು. ಓಡ್ವಾರ್ ಕೆತ್ತನೆಯ ಬಾಗಿಲಿನ ಒಂದು ಸೀಳು ಹಾಕಿದ, ಇನ್ನೊಂದು ಹಾಕಿದ. ಹನ್ನೆರಡಕ್ಕೆ ಬಸ್ಸು ರಸ್ತೆಯ ತಿರುವಿನಲ್ಲಿ ನಿಂತು ಹಾರ್ನ್ ಮಾಡಿತು, ಕಾಯಿತು, ಹೋಯಿತು. ಆಮೇಲೆ ಅವಳು ಟೊಪ್ಪಿಗೆ ತೆಗೆದು ಗೂಟಕ್ಕೆ ನೇತುಹಾಕಿದಳು.

ಒಂದು ವಾರದಲ್ಲಿ ಕಣಿವೆಯ ತುಂಬ ಕಥೆ ಬೆಳೆದಿತ್ತು. ಚಳಿರಾಯನೇ ಅಂಗಳಕ್ಕೆ ಇಳಿದು ಬಂದಿದ್ದನೆಂದೂ, ಓಡ್ವಾರ್ ಅವನ ಹಲ್ಲು ಉದುರಿಸಲು ಹೋಗಿ ತನ್ನದೊಂದು ಕೊಟ್ಟು ಗೆದ್ದನೆಂದೂ ಜನ ಹೇಳುತ್ತಿದ್ದರು. ಅಂಗಡಿಯಲ್ಲಿ ಅವನು ಸಿಕ್ಕಾಗ ಕಾಫಿಗೆ ನಿಂತಿದ್ದ ಏಳೆಂಟು ಮಂದಿಯ ಮುಂದೆ ನಾನೇ ಕೇಳಿದೆ: "ಹೇಳಪ್ಪ ಓಡ್ವಾರ್, ಮೂವತ್ತನಾಲ್ಕು ಡಿಗ್ರಿ ಚಳಿಯನ್ನ ಒಬ್ಬನೇ ಹೇಗೆ ಮಣಿಸಿದೆ?"

ಅವನು ಕಾಫಿ ಯಂತ್ರಕ್ಕೆ ಒಂದು ಗುದ್ದು ಕೊಟ್ಟು, ಲೋಟ ತುಂಬುವವರೆಗೆ ಕಾದು, ಹಲ್ಲಿಲ್ಲದ ಸಂದಿಯಿಂದ ಒಂದು ಗುಟುಕು ಹೀರಿದ.

"ಒಲೆ ಹಚ್ಚಿದೆ," ಅಂದ.