ಅತ್ತೆಯ ಹಲ್ಲು, ಕಾರಿನ ನಡುಕ

ಹೊನ್ನಾಳಿಯ ನಮ್ಮ ಮನೆಯಲ್ಲಿ ಪೂಜೆಯಾಗದೆ ಯಾವ ಹೊಸ ವಸ್ತುವನ್ನೂ ಬಳಸುವಂತಿಲ್ಲ. ಮಿಕ್ಸಿಗೆ, ಇನ್ವರ್ಟರಿಗೆ, ನನ್ನ ಗಂಡನ ಹೊಸ ಹೆಲ್ಮೆಟ್ಟಿಗೂ ಅತ್ತೆ ಅರಿಶಿನ ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಾರೆ. ಹೆಲ್ಮೆಟ್ಟಿನ ಕುಂಕುಮ ಬೆವರಿಗೆ ಕರಗಿ ಹಣೆಗಿಳಿದದ್ದನ್ನು ಕಂಡು ಆಫೀಸಿನವರು ಇವರನ್ನು ಆಸ್ಪತ್ರೆಗೆ ಒಯ್ಯಲು ಎದ್ದು ನಿಂತಿದ್ದರಂತೆ.

ನನ್ನದೊಂದು ಹಳೆಯ ಕಾರಿದೆ. ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಆಗ ಪಕ್ಕದಲ್ಲಿ ಕೂರಲು ಒಪ್ಪಿದವರು ಅತ್ತೆ ಒಬ್ಬರೇ. ಗಂಡ ಮೆಟ್ಟಿಲ ಮೇಲೆ ನಿಂತು, ಕೊನೆಯ ಸಲ ನೋಡುವವರ ಹಾಗೆ ಕೈ ಬೀಸುತ್ತಿದ್ದರು. ಅಂದಿನಿಂದ ಬೇಸರವಾದಾಗಲೆಲ್ಲ ನಾವಿಬ್ಬರು ಹೆಂಗಸರು ಅದನ್ನು ಹತ್ತಿ, ಜಗಳೂರು ಕಡೆಯ ಸೊಕ್ಕೆಯಲ್ಲಿರುವ ಅತ್ತೆಯ ತಂಗಿಯ ಮನೆಗೆ ಹೊರಟುಬಿಡುತ್ತೇವೆ. ಆ ಕಾರೆಂದರೆ ನನಗೆ ಪ್ರಾಣ. ಗಂಡನ ಪಾಲಿಗೆ ಅದು ಅಂಗಳದಲ್ಲಿ ಜಾಗ ತಿನ್ನುವ ತಗಡು.

ಈಚೆಗೆ ಅದಕ್ಕೆ ನಡುಕ ಹತ್ತಿತು. ರಸ್ತೆಗಿಳಿದರೆ ಸಾಕು, ಸ್ಟೀರಿಂಗು ಆಗಾಗ ಗಡಗಡ ನಡುಗುತ್ತಿತ್ತು. ಗಂಡನಿಗೂ ಒಂದು ನೆಪ ಬೇಕಿತ್ತು, ಸಿಕ್ಕಿತು. ಮಾರಿಬಿಡೋಣವೆಂದು ಕೆರೆಬಿಳಚಿಯ ಅಡಿಕೆ ವ್ಯಾಪಾರಿಯೊಬ್ಬನನ್ನು ಕರೆಸಿದರು. ಅವನು ಊರಾಚೆ ಓಡಿಸಿಕೊಂಡು ಬಂದು, ಕೆಳಗಿಳಿದು, ತನ್ನ ಎರಡೂ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡ.

"ಇದಕ್ಕೆ ಚಳಿಜ್ವರ ಐತ್ರೀ. ಮೊದ್ಲು ಔಷಧಿ ಕೊಡ್ಸಿ," ಎಂದವನು ಚಹಾ ಕೂಡ ಕುಡಿಯದೆ ಹೋದ.

ನಾನು ಅಡುಗೆಮನೆಗೆ ಹೋಗಿ ಮನಸಾರೆ ನಕ್ಕೆ. ಹೊರಗೆ ಬರುವಷ್ಟರಲ್ಲಿ ಗಂಡ ಗುಜರಿಯವನ ಜೊತೆ ಫೋನಿನಲ್ಲಿದ್ದರು. ಭಾನುವಾರ ಬಂದು ಎಳೆದುಕೊಂಡು ಹೋಗುತ್ತಾನಂತೆ. ನನ್ನ ನಗು ಅಲ್ಲೇ ಇಂಗಿತು.

ಮರುದಿನವೇ ನ್ಯಾಮತಿಯ ನಮ್ಮ ಮೆಕ್ಯಾನಿಕ್ ಹತ್ತಿರ ಹೊರಟೆ. ಕರೆಯದಿದ್ದರೂ ಅತ್ತೆ ಬಂದು ಹತ್ತಿ ಕೂತರು. ಮೆಕ್ಯಾನಿಕ್ ಸಾಹೇಬರು ಹಳೆಯ ಪರಿಚಯ, ಅತ್ತೆಯನ್ನು ಅಮ್ಮ ಎಂದೇ ಕರೆಯುತ್ತಾರೆ. ಚಕ್ರದ ಬ್ಯಾಲೆನ್ಸು, ಅಲೈನ್‌ಮೆಂಟು ಎಲ್ಲ ಮಾಡಿ ಅವರೂ ಆಗಲೇ ಸೋತಿದ್ದರು. ಈ ಸಲ ತಾವೇ ಓಡಿಸಿ ನೋಡುತ್ತೇನೆಂದರು.

"ಸುಮ್ನೆ ಓಡ್ವಾಗ್ಲೂ ನಡುಗುತ್ತೋ, ಬರೀ ಬ್ರೇಕಿಗೋ, ಅದೇ ತಿಳೀವಲ್ದು," ಎಂದು ಗೊಣಗಿದರು. ಹೊಂಡ ಬಿದ್ದ ರಸ್ತೆ ಅಷ್ಟು ಚೆನ್ನಾಗಿತ್ತು.

"ನನ್ನ ಹಲ್ಲು ಕೇಳ್ರಿ," ಎಂದರು ಹಿಂದೆ ಕೂತಿದ್ದ ಅತ್ತೆ. ಅವರದು ಕಟ್ಟಿಸಿದ ಹಲ್ಲು, ಸ್ವಲ್ಪ ಸಡಿಲ. "ಓಡ್ವಾಗ ಸುಮ್ಕಿರ್ತಾವೆ. ನೀವು ಬ್ರೇಕ್ ಹಾಕಿದ್ರೆ ಕಟಕಟ ಅಂತಾವೆ."

ನಡುಕ ಮುಂದಿನದೋ ಹಿಂದಿನದೋ ತಿಳಿಯಲು ಸಾಹೇಬರು ಗಾಡಿ ನಿಲ್ಲಿಸಿ ನನ್ನನ್ನು ಹಿಂದಕ್ಕೆ ಕಳಿಸಿ, ಅತ್ತೆಯನ್ನು ಮುಂದೆ ಕೂರಿಸಿಕೊಂಡರು. ಮತ್ತೆ ಓಡಿಸಿ ಬ್ರೇಕ್ ಹಾಕಿದರು. ಈ ಸಲ ಹಲ್ಲಿನ ಸದ್ದು ಹಿಂದಿನ ಸೀಟಿಗೂ ಕೇಳಿಸಿತು.

"ಹಂಗಾದ್ರೆ ಮುಂದಿನ ಡಿಸ್ಕು," ಎಂದರು ಸಾಹೇಬರು. ಡಿಸ್ಕೆಂದರೆ ಚಕ್ರದ ಒಳಗೆ ತಿರುಗುವ ಕಬ್ಬಿಣದ ತಟ್ಟೆ. ಬ್ರೇಕು ಅದನ್ನು ಎರಡೂ ಕಡೆಯಿಂದ ಅಮುಕಿ ಗಾಡಿ ನಿಲ್ಲಿಸುತ್ತದೆ. ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ನಡುಕ ತಪ್ಪಿದ್ದಲ್ಲ. "ಆದ್ರೆ ಅವು ಹೊಸಾವು. ಮೊನ್ನೆ ಮೊನ್ನೆ ನಿಮ್ಮ ಅಂಗಳದಾಗೆ ನಾನೇ ಕೂರ್ಸಿದ್ದು."

ಹೊಸವು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಕತ್ತು ಚಾಚಿ ಅತ್ತೆಯ ಮುಖ ನೋಡಿದೆ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ಗ್ಯಾರೇಜಿನಲ್ಲಿ ಡಿಸ್ಕು ಬಿಚ್ಚಿದಾಗ ಅದರ ಬೆನ್ನಿಗೆ ಅರಿಶಿನ ಹಪ್ಪಳದ ಹಾಗೆ ಒಣಗಿ ಅಂಟಿತ್ತು. ಅದರೊಳಗೆ ಅಕ್ಷತೆಯ ಅಕ್ಕಿಕಾಳು ಅಪ್ಪಚ್ಚಿಯಾಗಿ ಕೂತು ತಟ್ಟೆಯನ್ನು ಓರೆ ಮಾಡಿತ್ತು.

"ಮುಂದುಗಡೆ ಹಚ್ಚಿದ್ರೆ ಒರೆಸಿಬಿಡ್ತೀರಿ ಅಂತ ಹಿಂದ್ಗಡೆ ಹಚ್ಚಿದ್ದೆ," ಎಂದರು ಅತ್ತೆ ಮೆಲ್ಲಗೆ.

"ನಾನೂ ನೋಡಿದ್ದೆ ಅಮ್ಮ," ಎಂದರು ಸಾಹೇಬರು ಇನ್ನೂ ಮೆಲ್ಲಗೆ. "ಬರೀ ಅರಿಶಿನ ಅಂದ್ಕಂಡೆ. ನೀವು ಪೂಜೆ ಮಾಡಿದ್ದನ್ನ ಒರ್ಸಾಕೆ ನನಗೆ ಮನಸ್ಸು ಬರ್ಲಿಲ್ಲ. ಹಂಗೇ ಕೂರ್ಸಿಬಿಟ್ಟೆ."

ನನಗೆ ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತು. ಒಬ್ಬರ ಭಕ್ತಿಗೆ, ಇನ್ನೊಬ್ಬರ ಮರ್ಯಾದೆಗೆ ನನ್ನ ಕಾರು ಗುಜರಿ ಪಾಲಾಗುತ್ತಿತ್ತಲ್ಲ ಎಂದು ಕೂಗಾಡಿದೆ.

"ಗುಜರಿ ಪಾಲಾತಾ ಮತ್ತೆ?" ಎಂದರು ಅತ್ತೆ. "ಗಾಡಿ ನಮ್ಮನೆ ಬಿಟ್ಟು ಹೋಗಬಾರ್ದು ಅಂತ ಬೇಡ್ಕಂಡು ಹಾಕಿದ್ ಅಕ್ಷತೆ ಅದು. ಆ ಅಡಿಕೆಯವ್ನು ಬಿಟ್ಟು ಓಡಿದ್ನೋ ಇಲ್ವೋ?"

ಸಾಹೇಬರು ಜಾಗವನ್ನೆಲ್ಲ ಕೆರೆದು ಉಜ್ಜಿ, ಡಿಸ್ಕನ್ನು ಲೇತ್ ಯಂತ್ರಕ್ಕೆ ಕೊಟ್ಟು ಸಮ ಮಾಡಿಸಿ ತಂದು ಕೂರಿಸಿದರು. ವಾಪಸು ಬರುವಾಗ ರಸ್ತೆ ಖಾಲಿ ಇದ್ದಲ್ಲೆಲ್ಲ ಸುಮ್ಮಸುಮ್ಮನೆ ಬ್ರೇಕ್ ಹಾಕಿದೆ. ಅತ್ತೆಯ ಹಲ್ಲು ತುಟಿಪಿಟಕ್ಕೆನ್ನಲಿಲ್ಲ.

ಸಂಜೆ ಅಕ್ಷತೆಯ ಕಥೆಯೆಲ್ಲ ಕೇಳಿದ ಗಂಡ ಒಂದು ಸುತ್ತು ಹೊಡೆದು ಬಂದರು. ಮೊದಲ ಸಲ ಆ ಕಾರಿನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

"ಭಾಳ ಚೆನ್ನಾಗೈತೆ," ಎಂದರು. "ಇದನ್ನ ಗುಜರಿಗ್ಯಾಕೆ ಹಾಕಾದು? ಆ ಕೆರೆಬಿಳಚಿಯವ್ನಿಗೇ ಫೋನ್ ಮಾಡ್ತೀನಿ, ಈಗ ತಗಂತಾನೆ."

ನನಗೆ ಅಳುವೇ ಬಂದುಬಿಟ್ಟಿತು. ರಿಪೇರಿ ಮಾಡಿಸಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಅತ್ತೆ ದೇವರ ಕೋಣೆಗೆ ಹೋಗಿ ಅಕ್ಷತೆಯ ಬಟ್ಟಲು ತಂದರು. ಮಗನ ಮುಂದೆಯೇ ಹಾದು ಅಂಗಳಕ್ಕಿಳಿದು, ಕಾರಿನ ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು, ಬೆರಳು ಒಳಗೆ ತೂರುತ್ತದೆಯೇ ಎಂದು ನೋಡತೊಡಗಿದರು.

ಗಂಡ ಫೋನನ್ನು ಜೇಬಿಗೆ ಹಾಕಿಕೊಂಡರು.

"ಅವ್ವ, ಎದ್ದೇಳು. ಮಾರಾದಿಲ್ಲ."

ಅತ್ತೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು, ನಾಳೆ ಎಷ್ಟೊತ್ತಿಗೆ ಸೊಕ್ಕೆಗೆ ಹೊರಡೋದು ಎಂದು ನನ್ನನ್ನು ಕೇಳಿದರು.