ಕರಿಬಸಮ್ಮನ ನಲವತ್ತು ಸ್ಪೋಕು

ಕೊಡಿಗೇನಹಳ್ಳಿಗೆ ಮೇಷ್ಟರಾಗಿ ಬಂದ ಹೊಸತರಲ್ಲಿ, ಕರಿಬಸಮ್ಮ ಚರಕದಲ್ಲಿ ನೂಲುತ್ತಾಳೆ ಎಂದು ನಂಬಿದ್ದೆ. ಅವಳ ಜಗಲಿಯ ಮೇಲೆ ಸದಾ ಚಕ್ರವೊಂದು ತಿರುಗುತ್ತಿತ್ತು. ದೇಶಭಕ್ತಿಯ ಭರದಲ್ಲಿ ಶಾಲೆಯಲ್ಲಿ ಆಕೆಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದು, ನೂಲಲು ಒಂದು ಕಟ್ಟು ಹತ್ತಿಯ ಹಂಜಿಯನ್ನು ಕಾಣಿಕೆಯಾಗಿ ಒಯ್ದೆ. ಆಕೆ ಅದರಿಂದಲೇ ಮೋಟಾರ್ ಸೈಕಲ್ ಚಕ್ರದ ಗ್ರೀಸು ಒರೆಸಿ, "ಚೆಂದಾಗೈತೆ ಮೇಷ್ಟ್ರೇ, ಇನ್ನೊಂದು ಕಟ್ಟು ಇದ್ರೆ ಕೊಡಿ" ಎಂದಳು.

ಗಂಡ ಅಡವಯ್ಯ ಸತ್ತ ಮೇಲೆ, ಗಾಡಿಗಳ ಚಕ್ರ ಕಟ್ಟಿ ಸೊಟ್ಟ ತೆಗೆಯುವ ಅವನ ಕಸುಬು ಆಕೆಯ ಕೈಗೆ ಬಂದಿತ್ತು. ಮಂಚವನ್ನು ತಲೆಕೆಳಗು ಮಾಡಿ, ಎರಡು ಕಾಲುಗಳ ನಡುವೆ ಚಕ್ರ ಕೂರಿಸುವುದು. ಪಕ್ಕದಲ್ಲಿ ಹಸಿ ಜೇಡಿಮಣ್ಣಿನ ಮುದ್ದೆ, ಅದರಲ್ಲಿ ನೆಟ್ಟ ಪೊರಕೆಕಡ್ಡಿ. ತಿರುಗುವ ಚಕ್ರ ಕಡ್ಡಿಗೆ ಎಲ್ಲಿ ತಾಗಿತೋ ಅಲ್ಲಿ ಸೊಟ್ಟ. ಸ್ಪೋಕು ಬಿಗಿಯಲು, ಸಡಿಲಿಸಲು ಅರದಿಂದ ಕಚ್ಚು ಮಾಡಿದ ಹಳೆಯ ಬೀಗದಕೈ.

ಎಷ್ಟು ಚಕ್ರ ನೆಟ್ಟಗಾದರೂ ಅಡವಯ್ಯನ ಹೆಸರು ಮಾತ್ರ ಸೊಟ್ಟಗೇ ಉಳಿದಿತ್ತು. ಕಡಲೆಕಾಯಿ ಮಂಡಿಯ ಸಾಹುಕಾರ ಚಂದ್ರಶೇಖರಯ್ಯನವರು, ತಮ್ಮ ಮೋಟಾರ್ ಸೈಕಲ್ಲಿನ ಹೊಗೆ ಕಂಡರೂ ಜನ ಎದ್ದು ನಿಲ್ಲಬೇಕೆಂದು ಬಯಸುವವರು. ಒಮ್ಮೆ ಕೈಬಿಟ್ಟು ಓಡಿಸಿ ತೋರಿಸಲು ಹೋಗಿ ಮೋರಿಕಲ್ಲಿಗೆ ಗುದ್ದಿದರು. ಕಲ್ಲಿಗಂಟಿದ ಗಾಡಿಯ ಬಣ್ಣವನ್ನು ಕರಿಬಸಮ್ಮ ಕಣ್ಣಾರೆ ಕಂಡಿದ್ದಳು. ಸಾಹುಕಾರರು ಮಾತ್ರ "ಅಡವಯ್ಯ ಕಟ್ಟಿದ ಚಕ್ರವೇ ಸೊಟ್ಟ, ಅದಕ್ಕೇ ಬಿದ್ದೆ" ಎಂದು ಸಂತೆಯಲ್ಲೆಲ್ಲ ಸಾರಿದರು. ಗಿರಾಕಿಗಳು ಹಿಂದೂಪುರದ ದಾರಿ ಹಿಡಿದರು. ಅಡವಯ್ಯ 'ಸೊಟ್ಟಚಕ್ರದ ಅಡವಯ್ಯ'ನಾಗಿಯೇ ಸತ್ತ. ಅಂದಿನಿಂದ ಆಕೆಗೆ ಬೇಕಾದದ್ದು ಒಂದೇ: ಆ ಮಾತನ್ನು ಅದೇ ಬಾಯಿ ವಾಪಸು ನುಂಗಬೇಕು.

ಅಷ್ಟರಲ್ಲಿ ಜರ್ಮನ್ ಯುದ್ಧ ಬಂತು. ಬೆಂಗಳೂರಿನಿಂದ ಹೊಸ ಚಕ್ರ ಬರುವುದು ನಿಂತಿತು. ಹಿಂದೂಪುರದ ರಿಪೇರಿಯವನು ಸೈನ್ಯಕ್ಕೆ ಸೇರಿದ. ತಾಲ್ಲೂಕಿನ ಅಮಲ್ದಾರರು ಊರಿಗೆ ಬರುವಾಗ ಅವರ ಕಾರಿನ ಮುಂದೆ ಹೋಗುವ ಗೌರವ ಸಿಕ್ಕಿದ್ದ ಸಾಹುಕಾರರು ಅದರ ಹಿಂದಿನ ದಿನ ಅಭ್ಯಾಸಕ್ಕೆ ಹೊರಟು, ಅದೇ ಮೋರಿಗೆ ಗುದ್ದಿದರು.

ಮುಂಚಕ್ರ ಮಂಚವೇರಿತು. ಕರಿಬಸಮ್ಮ ನಲವತ್ತು ಸ್ಪೋಕನ್ನೂ ಸಡಿಲಿಸಿ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಳಿತುಬಿಟ್ಟಳು.

"ಯಾಕಮ್ಮ ಸುಮ್ಕೆ ಕುಂತೆ? ಬೆಳಿಗ್ಗೆ ಅಮಲ್ದಾರ್ರು ಬರ್ತಾರೆ."

"ಬರ್ಲಿ ಬುಡಿ. ಆವತ್ತು ಚಕ್ರ ಸೊಟ್ಟ ಮಾಡಿದ್ಯಾರು ಸಾವ್ಕಾರ್ರೆ?"

"ಹಳೇದೆಲ್ಲ ಈಗ್ಯಾಕೆ?"

"ಅಂಗಾದ್ರೆ ಇಂಗೇ ಎತ್ಕೊಂಡೋಗಿ."

ಸಾಹುಕಾರರು ಅತ್ತಿತ್ತ ನೋಡಿ ಗೊಣಗಿದರು: "ನಾನೇ ಗುದ್ದಿದ್ದು. ಅಡವಯ್ಯಂದು ತಪ್ಪಿಲ್ಲ."

ಕರಿಬಸಮ್ಮ ಒಂದೇ ಒಂದು ಸ್ಪೋಕು ಬಿಗಿದಳು. "ಇನ್ನು ಮೂವತ್ತೊಂಬತ್ತವೆ. ಒಂದೊಂದಕ್ಕೂ ಒಂದೊಂದ್ಸಲ. ಬೀದಿಗೆ ಕೇಳಂಗೆ."

ಬಿಲ್ವಾರ್ಚನೆಗೆ ಕುಳಿತವರಂತೆ ಸಾಹುಕಾರರು ಶುರುಮಾಡಿದರು. ಹತ್ತನೆಯದಕ್ಕೆ ಅಂಗಡಿಯವರೆಲ್ಲ ಬಂದು ನಿಂತರು. ಇಪ್ಪತ್ತಕ್ಕೆ ಸೊಪ್ಪು ಮಾರುವ ಹೊನ್ನಕ್ಕ ಪುಟ್ಟಿ ಇಳಿಸಿ, "ವಸಿ ಗಂಟ್ಲು ಏರ್ಸಿ ಸಾಮಿ, ಹಿಂದ್ಲೋರಿಗೆ ಕೇಳ್ತಿಲ್ಲ" ಎಂದಳು. ಮೂವತ್ತಕ್ಕೆ ಗಂಟಲು ಕಟ್ಟಿತು. ಕರಿಬಸಮ್ಮ ಒಂದು ಚೊಂಬು ನೀರು ಕೊಟ್ಟಳು, ಬಿಡಲಿಲ್ಲ. ನಲವತ್ತು ಮುಗಿದಾಗ ಚಕ್ರ ಪೊರಕೆಕಡ್ಡಿಗೆ ಎಲ್ಲೂ ತಾಗದೆ ತಿರುಗಿತು.

ಜನ ಚದುರಿದ ಮೇಲೆ ನಾನು, ಊರಿಗೆಲ್ಲ ಬುದ್ಧಿ ಹೇಳುವ ಗುತ್ತಿಗೆ ಹಿಡಿದವನ ಠೀವಿಯಲ್ಲಿ ಕೇಳಿದೆ: "ಅಂತೂ ನಿನ್ನ ಸಿಟ್ಟೆಲ್ಲ ಇಳಿದುಹೋಯಿತೇನಮ್ಮ?"

ನಾನು ಕೊಟ್ಟಿದ್ದ ಹಂಜಿಯಲ್ಲಿ ಕೈ ಒರೆಸಿಕೊಳ್ಳುತ್ತ ಕರಿಬಸಮ್ಮ ಅಂದಳು: "ಮೋಟಾರ್ ಸೈಕಲ್ಲಿಗೆ ಎರಡು ಚಕ್ರ ಮೇಷ್ಟ್ರೇ."